ಉಸಿರು ಹಿಡಿಸುವುದನ್ನು ಬಲ್ಲವರು: ವಿಜಯಪುರದ ಸ್ಕ್ಯಾನ್ ಕೇಂದ್ರವೊಂದರಲ್ಲಿ ಅಪ್ಪನ ಎದೆಯ ಸಿಟಿ

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದ ವಾರದಲ್ಲಿ ನಮ್ಮ ಅಪ್ಪನ ಎದೆಯ ಸಿಟಿ ಸ್ಕ್ಯಾನ್ ಮಾಡಿಸಲು ವಿಜಯಪುರದ ಈ ಕೇಂದ್ರಕ್ಕೆ ಹೋಗಿದ್ದೆವು. ಅಪ್ಪನಿಗೆ ಎಪ್ಪತ್ತೊಂದು ವರ್ಷ. ಇಂಡಿ ತಾಲೂಕಿನ ನಮ್ಮ ಊರಿನಲ್ಲಿ ಲಿಂಬೆ ತೋಟವನ್ನೂ ಒಂದಿಷ್ಟು ತೊಗರಿ ಹೊಲವನ್ನೂ ನೋಡಿಕೊಂಡಿರುವವರು. ನಾನು ನಗರದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ವೈದ್ಯಳಲ್ಲ. ಆದರೂ ಈ ಕೇಂದ್ರದ ಬಗ್ಗೆ ವಿವರವಾಗಿಯೇ ಬರೆಯಬೇಕೆನಿಸಿದೆ. ಸ್ಕ್ಯಾನ್ ಕೇಂದ್ರಗಳ ಬಗ್ಗೆ ಜನ ಹೇಳುವುದು ಹೆಚ್ಚಾಗಿ ದರ, ಪಾಳಿ, ಗಾಡಿ ನಿಲ್ಲಿಸುವ ಜಾಗ ಇಷ್ಟನ್ನೇ. ಒಳಗೆ ತೆಗೆದ ಚಿತ್ರ ಸರಿಯಾಗಿತ್ತೇ, ಬರೆದುಕೊಟ್ಟ ವರದಿ ವೈದ್ಯರ ಕೆಲಸಕ್ಕೆ ಬಂತೇ ಎಂಬ ಮಾತು ಬರುವುದು ಅಪರೂಪ. ಅಪ್ಪನಿಗೆ ಬಂದಂಥ, ವೈರಸ್ಸಿನಿಂದ ಬರುವ ನ್ಯುಮೋನಿಯಾದ ವಿಷಯದಲ್ಲಿ ನೋಡಬೇಕಾದದ್ದು ಮಾತ್ರ ಅದನ್ನೇ.

ಅಪ್ಪನಿಗೆ ಜ್ವರ ಬಂದದ್ದು ತೊಗರಿ ರಾಶಿಯ ದಿನಗಳಲ್ಲಿ. ಮಷಿನ್ನಿನ ಎದುರು ಎರಡು ದಿನ ನಿಂತು ಧೂಳು ಕುಡಿದದ್ದಕ್ಕೆ ಕೆಮ್ಮು ಬಂದಿದೆ ಎಂದು ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ಜ್ವರ ಇಳಿಯಲಿಲ್ಲ, ಮೈಕೈ ನೋವು, ಒಣಕೆಮ್ಮು ಹೆಚ್ಚಾದವು. ಐದನೆಯ ದಿನ ಬಚ್ಚಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ತೇಕು ಹತ್ತಿದಾಗ ನಗರಕ್ಕೆ ಕರೆತಂದೆವು. ನಮ್ಮ ವೈದ್ಯರು ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದರು. ಕುಳಿತಲ್ಲಿ 93 ಇದ್ದದ್ದು ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆಸಿದ ಮೇಲೆ 90ಕ್ಕೆ ಇಳಿಯಿತು. ಎಕ್ಸ್‌-ರೇಯಲ್ಲಿ ಎರಡೂ ಶ್ವಾಸಕೋಶಗಳ ಕೆಳಭಾಗ ಮಸುಕಾಗಿತ್ತು, ಬಲಗಡೆ ಮೇಲ್ತುದಿಯಲ್ಲಿ ಬೇರೆಯೇ ಒಂದು ಬಿಳಿ ಕಲೆಯಿತ್ತು. ಅಪ್ಪನಿಗೆ ಮೂವತ್ತೈದು ವರ್ಷಗಳ ಹಿಂದೆ ಕ್ಷಯ ಬಂದು, ಚಿಕಿತ್ಸೆ ಪಡೆದು ಗುಣವಾಗಿತ್ತು. ಈಗಿನದು ವೈರಸ್ಸೋ, ಬ್ಯಾಕ್ಟೀರಿಯಾವೋ, ಧೂಳಿಗೆ ಶ್ವಾಸಕೋಶ ಸಿಡಿಮಿಡಿಗೊಂಡದ್ದೋ, ಹಳೆಯ ಕ್ಷಯವೇ ಮರಳಿ ಎದ್ದದ್ದೋ ಎಂಬುದನ್ನು ಎಕ್ಸ್‌-ರೇ ಒಂದನ್ನೇ ನೋಡಿ ತೀರ್ಮಾನಿಸಲಾಗದು ಎಂದು ವೈದ್ಯರು ಹೇಳಿದರು. ಮೂಗು ಮತ್ತು ಗಂಟಲಿನ ಮಾದರಿಯನ್ನು ವೈರಸ್ ಪತ್ತೆಹಚ್ಚುವ ಆರ್‌ಟಿ-ಪಿಸಿಆರ್‌ಗೂ ಕಫವನ್ನು ಕ್ಷಯದ ಪರೀಕ್ಷೆಗೂ ಕಳಿಸಿ, ಅದೇ ಮಧ್ಯಾಹ್ನ ತೀರ ತೆಳು ಪದರಗಳಲ್ಲಿ ಎದೆಯ ಚಿತ್ರ ತೆಗೆಯುವ ಸಿಟಿ ಸ್ಕ್ಯಾನ್, ಅಂದರೆ ಎಚ್‌ಆರ್‌ಸಿಟಿ ಮಾಡಿಸಲು ಚೀಟಿ ಬರೆದುಕೊಟ್ಟರು. ಆ ಚೀಟಿಯಲ್ಲಿ ಪರೀಕ್ಷೆಯ ಹೆಸರಿನ ಕೆಳಗೆ ಅಪ್ಪನ ವಯಸ್ಸು, ಜ್ವರದ ದಿನಗಳು, ಆಕ್ಸಿಜನ್ ಪ್ರಮಾಣ, ಹಳೆಯ ಕ್ಷಯ ಇವೆಲ್ಲವನ್ನೂ ಬರೆದು, ಉತ್ತರ ಬೇಕಾದ ಪ್ರಶ್ನೆಯನ್ನೂ ಒಂದು ಸಾಲಿನಲ್ಲಿ ಕೇಳಿದ್ದರು.

ಈ ಕೇಂದ್ರದ ಮೊದಲ ಒಳ್ಳೆಯ ಗುಣ ಕಂಡದ್ದು ಅಲ್ಲಿಯೇ. ಕೌಂಟರಿನಲ್ಲಿದ್ದ ಹುಡುಗಿ ಚೀಟಿಯನ್ನು ಹಣ ಕಟ್ಟಿಸಿಕೊಳ್ಳುವುದಕ್ಕಷ್ಟೇ ನೋಡದೆ ಪೂರ್ತಿ ಓದಿದಳು. ಜ್ವರ, ಕೆಮ್ಮು ಎಂದು ಕಂಡೊಡನೆ ಅಪ್ಪನಿಗೂ ನನಗೂ ಮಾಸ್ಕ್ ಕೊಟ್ಟು, ಉಳಿದ ರೋಗಿಗಳು ಕುಳಿತ ಸಾಲಿನಿಂದ ದೂರ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರಿಸಿದಳು. ‘ಹಳೇ ಫಿಲ್ಮ್ ಏನರ ಅದಾವೇನ್ರಿ ಅಕ್ಕಾರ? ಇದ್ದರ ಕೊಡ್ರಿ, ಡಾಕ್ಟರು ಜೋಡಿಸಿ ನೋಡ್ತಾರು’ ಎಂದು ಕೇಳಿ, ಅಂದಿನ ಎಕ್ಸ್‌-ರೇಯನ್ನೂ, ಏಳೆಂಟು ವರ್ಷದ ಹಿಂದೆ ಕಣ್ಣಿನ ಆಪರೇಶನ್‌ಗೆ ಮುಂಚೆ ತೆಗೆಸಿದ್ದ ಎಕ್ಸ್‌-ರೇಯನ್ನೂ ಒಳಗೆ ಒಯ್ದಳು. ಆ ಹಳೆಯ ಫಿಲ್ಮನ್ನು ನಾನು ತಂದದ್ದು ಆಕಸ್ಮಿಕವಾಗಿ, ಅಪ್ಪನ ಕಾಗದಪತ್ರದ ಚೀಲದಲ್ಲಿ ಇತ್ತೆಂಬ ಕಾರಣಕ್ಕೆ. ಅದೆಷ್ಟು ಬೆಲೆಬಾಳುವ ವಸ್ತುವೆಂದು ವರದಿ ಬಂದ ಮೇಲೆ ತಿಳಿಯಿತು.

ಒಳಗಿನ ಕೋಣೆಗೆ ಹೋಗುವ ಮುನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಅಪ್ಪನ ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಎದೆಯ ನಡುವೆ. ಸ್ನಾನ ಮಾಡುವಾಗಲೂ ಅದನ್ನು ಕೊರಳಿನಿಂದ ತೆಗೆಯದವರು ಅವರು. ಟೆಕ್ನಿಶಿಯನ್ ಆಗಿದ್ದ ಹುಡುಗನಿಗೆ ಇಪ್ಪತ್ತೈದು, ಇಪ್ಪತ್ತಾರು ವರ್ಷವಿರಬಹುದು. ಅಪ್ಪನ ಮುಂದೆ ಸ್ವಲ್ಪ ಬಾಗಿ, ‘ಅಜ್ಜಾರ, ಕರಡಗಿ ಒಂದ್ ಹತ್ತ ನಿಮಿಷ ಮಗಳ ಕೈಯಾಗ ಕೊಡ್ರಿ. ಬೆಳ್ಳಿ ಇದ್ದರ ಫೋಟೋದಾಗ ಗೆರಿ ಬೀಳ್ತಾವು, ಖರೇ ರೋಗ ಯಾವುದು, ಗೆರಿ ಯಾವುದು ತಿಳಿಯೂದಿಲ್ಲ’ ಎಂದ. ಅದನ್ನು ಮೇಜಿನ ಮೇಲಾಗಲೀ ಟ್ರೇಯಲ್ಲಾಗಲೀ ಇಡಿಸಲಿಲ್ಲ. ನಾನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವವರೆಗೆ ಕಾದ. ಅವನು ಹೇಳಿದ ಕಾರಣವೂ ಸರಿಯಾದದ್ದೇ. ದಟ್ಟ ಲೋಹ ಕ್ಷಕಿರಣವನ್ನು ನುಂಗುವುದರಿಂದ ಅದರ ಸುತ್ತ ಕಪ್ಪು ಬಿಳುಪು ಗೆರೆಗಳು ಚಿತ್ರದ ಉದ್ದಕ್ಕೂ ಹರಡುತ್ತವೆ, ಅವುಗಳಡಿಯ ಶ್ವಾಸಕೋಶ ಓದಲು ಬಾರದಂತಾಗುತ್ತದೆ. ಯಂತ್ರದ ಗುಣಮಟ್ಟಕ್ಕೂ ಹಿರಿಯರ ಮರ್ಯಾದೆಗೂ ಒಟ್ಟಿಗೆ ಬೇಕಾದ ಮಾತನ್ನು ಅವನು ಒಂದೇ ಉಸಿರಿನಲ್ಲಿ ಆಡಿದ್ದು ನನಗೆ ಬಹಳ ಹಿಡಿಸಿತು.

ಆಮೇಲೆ ಮಾಡಿದ ಕೆಲಸಕ್ಕೆ ಈ ಕೇಂದ್ರಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಅಂಕ ಕೊಡುತ್ತೇನೆ. ಅಪ್ಪನನ್ನು ಮಲಗಿಸಿದ ಕೂಡಲೇ ಯಂತ್ರ ಓಡಿಸಲಿಲ್ಲ. ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಇರಿಸಿ, ಮೊಣಕಾಲಿನ ಕೆಳಗೆ ದಿಂಬು ಕೊಟ್ಟು, ಮೂರು ಸಲ ಉಸಿರಿನ ತಾಲೀಮು ಮಾಡಿಸಿದ. ‘ಉಸುರು ಒಳಗ ಜಗ್ಗರಿ, ಇನ್ನೂ ಜಗ್ಗರಿ, ಎದಿ ತುಂಬ ಜಗ್ಗರಿ... ಹಾಂ, ಈಗ ಹಿಡೀರಿ. ನಾ ಹೇಳೂತನಕ ಬಿಡಬ್ಯಾಡ್ರಿ.’ ಮೊದಲನೆಯ ಸಲ ಅಪ್ಪ ಕೆಮ್ಮಿದರು. ಎರಡನೆಯ ಸಲ ಅರ್ಧಕ್ಕೆ ಬಿಟ್ಟರು. ‘ಅವಸರ ಇಲ್ರಿ ಅಜ್ಜಾರ, ಒಂದ್ ಗುಟುಕು ನೀರು ಕುಡೀರಿ’ ಎಂದು ಎಬ್ಬಿಸಿ ಕೂರಿಸಿ, ಮತ್ತೆ ಮಲಗಿಸಿ, ಮೂರನೆಯ ಸಲ ಎಂಟು ಸೆಕೆಂಡ್ ನಿಂತ ಮೇಲಷ್ಟೇ ಗಾಜಿನ ಆಚೆಗೆ ಹೋದ. ಅನೇಕ ಯಂತ್ರಗಳಲ್ಲಿ ಉಸಿರಿನ ಸೂಚನೆ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಧ್ವನಿಮುದ್ರಿಕೆಯಾಗಿ ತಾನಾಗಿಯೇ ಕೇಳಿಬರುತ್ತದೆ. ನಮ್ಮ ಕಡೆಯ ಹಿರಿಯರು ಅದು ತಮಗೆ ಹೇಳಿದ್ದೆಂದು ತಿಳಿಯುವಷ್ಟರಲ್ಲಿ ಸ್ಕ್ಯಾನ್ ಮುಗಿದಿರುತ್ತದೆ. ಇಲ್ಲಿ ಆ ಧ್ವನಿಯನ್ನು ನಿಲ್ಲಿಸಿ, ಮೈಕಿನಲ್ಲಿ ತಾನೇ ಹೇಳುತ್ತಿದ್ದ.

ಉಸಿರು ಇಷ್ಟೇಕೆ ಮುಖ್ಯ ಎಂಬುದನ್ನು ಹೇಳದೆ ಮುಂದೆ ಹೋದರೆ ಈ ಮೆಚ್ಚುಗೆ ಅತಿಯೆನಿಸೀತು. ಸಿಟಿ ಯಂತ್ರ ದೇಹದ ಪ್ರತಿಯೊಂದು ಚುಕ್ಕೆ ಕ್ಷಕಿರಣವನ್ನು ಎಷ್ಟು ತಡೆಯುತ್ತದೆ ಎಂದು ಅಳೆದು ಒಂದು ಅಂಕಿ ಕೊಡುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದ ಯಂತ್ರವನ್ನು ರೂಪಿಸಿ, 1979ರಲ್ಲಿ ಅಲನ್ ಕಾರ್ಮ್ಯಾಕ್ ಅವರೊಡನೆ ನೊಬೆಲ್ ಹಂಚಿಕೊಂಡ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರೇ ಆ ಅಳತೆಗಿದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ತುಂಬು ಉಸಿರೆಳೆದ ಆರೋಗ್ಯವಂತ ಶ್ವಾಸಕೋಶ ಬಹುಪಾಲು ಗಾಳಿಯೇ ಆದ್ದರಿಂದ ಮೈನಸ್ 850ರ ಆಸುಪಾಸಿನಲ್ಲಿರುತ್ತದೆ, ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಉಸಿರು ಹೊರಬಿಟ್ಟಾಗ ಗಾಳಿಗೂಡುಗಳು ಕುಗ್ಗಿ, ಅದೇ ಜಾಗದಲ್ಲಿ ರಕ್ತ ಮತ್ತು ಅಂಗಾಂಶದ ಪಾಲು ಹೆಚ್ಚಿ, ಇಡೀ ಶ್ವಾಸಕೋಶ ಬೂದುಬಣ್ಣಕ್ಕೆ ತಿರುಗುತ್ತದೆ. ವೈರಸ್ಸಿನ ನ್ಯುಮೋನಿಯಾದ ಮೊದಲ ಗುರುತೂ ಅದೇ ಬೂದು ಮಸುಕು. ಅಂದರೆ ಅರ್ಧ ಉಸಿರಿನಲ್ಲಿ ತೆಗೆದ ಚಿತ್ರ ರೋಗವಿಲ್ಲದವನಿಗೂ ರೋಗವಿದ್ದಂತೆ ತೋರಿಸಬಲ್ಲದು; ನಡುವೆ ಕೆಮ್ಮಿದರೆ ರಕ್ತನಾಳಗಳು ಜೋಡಿಜೋಡಿಯಾಗಿ ಕದಡಿ, ಇರುವ ರೋಗವೂ ಸರಿಯಾಗಿ ಕಾಣದು. ಎಂಟು ಸೆಕೆಂಡಿನ ಕೆಲಸಕ್ಕಾಗಿ ಹತ್ತು ನಿಮಿಷ ತಾಲೀಮು ಮಾಡಿಸಿದ ಆ ಹುಡುಗ, ವರದಿ ಬರೆಯುವವರ ಅರ್ಧ ಅನುಮಾನವನ್ನು ಮೊದಲೇ ತೆಗೆದುಹಾಕಿದ್ದ.

ಉಳಿದ ಅನುಮಾನಕ್ಕೂ ಅವರು ಅಲ್ಲಿಯೇ ಉತ್ತರ ಹುಡುಕಿದರು. ಮೊದಲ ಚಿತ್ರಗಳು ಬಂದೊಡನೆ, ಚಿತ್ರ ಓದಿ ವರದಿ ಬರೆಯುವ ವೈದ್ಯರಾದ ರೇಡಿಯಾಲಜಿಸ್ಟರು ಪರದೆಯ ಮುಂದೆ ಬಂದು ನೋಡಿ, ಅಪ್ಪನನ್ನು ಬೋರಲಾಗಿ ಮಲಗಿಸಿ ಕೆಳಭಾಗದ ಕೆಲವೇ ಪದರಗಳನ್ನು ಮತ್ತೊಮ್ಮೆ ತೆಗೆಯಲು ಹೇಳಿದರು. ನನಗೆ ಮೊದಲು ಗಾಬರಿಯಾಯಿತು. ಅಂಗಾತ ಮಲಗಿದಾಗ ಶ್ವಾಸಕೋಶದ ಬೆನ್ನಿನ ಕಡೆಯ ಭಾಗ ತನ್ನದೇ ತೂಕಕ್ಕೆ ಸ್ವಲ್ಪ ಒತ್ತಿಕೊಂಡು ಮಸುಕಾಗುವುದುಂಟು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು, ಬೋರಲು ಮಲಗಿಸಿದರೆ ಅಂಥ ಮಸುಕು ಅಳಿಸಿಹೋಗುತ್ತದೆ, ನಿಜವಾದ ನ್ಯುಮೋನಿಯಾ ಅಲ್ಲಿಯೇ ಉಳಿಯುತ್ತದೆ ಎಂದು ಅವರೇ ಹೊರಗೆ ಬಂದು ತಿಳಿಸಿದರು. ಅಪ್ಪನ ಎಡಗಡೆ ಬೆನ್ನಿನತ್ತ ಇದ್ದ ಮಸುಕು ಬಹುತೇಕ ಹೋಯಿತು. ಬಲಗಡೆಯದು ಉಳಿಯಿತು. ಹೀಗೆ ಮಾಡದಿದ್ದರೆ ವರದಿಯಲ್ಲಿ ರೋಗದ ವಿಸ್ತಾರ ಇದ್ದದ್ದಕ್ಕಿಂತ ದೊಡ್ಡದಾಗಿ ದಾಖಲಾಗುತ್ತಿತ್ತು.

ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯಲು 2021ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಆದದ್ದೂ ಒಂದು ಕಾರಣ. ಕೊರೊನಾ ಎರಡನೆಯ ಅಲೆಯಲ್ಲಿ ನಮ್ಮ ಕಾಕಾ ಅವರಿಗೆ ಜ್ವರ ಬಂದ ಎರಡನೆಯ ದಿನವೇ, ಬೇರೊಂದು ಊರಿನ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿದರು. ಚಿತ್ರ ಸ್ವಚ್ಛವಾಗಿತ್ತು, ಏನೂ ಇಲ್ಲವೆಂದು ಮನೆಮಂದಿಯೆಲ್ಲ ಒಟ್ಟಿಗೆ ಉಂಡರು. ಲಕ್ಷಣ ಕಾಣಿಸಿದ ಮೊದಲ ಒಂದೆರಡು ದಿನಗಳಲ್ಲಿ ಕೋವಿಡ್ ರೋಗಿಗಳ ಸುಮಾರು ಅರ್ಧದಷ್ಟು ಜನರ ಸಿಟಿ ಸಹಜವಾಗಿಯೇ ಇರುತ್ತದೆಂದು ಯಾರೂ ಹೇಳಲಿಲ್ಲ. ಆರು ದಿನದ ಮೇಲೆ ಮತ್ತೆ ಮಾಡಿಸಿದಾಗ ಕೈಗೆ ಬಂದದ್ದು ಎರಡು ಅಂಕಿ: ಕೋ-ರಾಡ್ಸ್ 5, ಸ್ಕೋರ್ 25ಕ್ಕೆ 14. ಓಣಿಯಲ್ಲಿ ಆಗ ಯಾರ ಬಾಯಲ್ಲಿ ಕೇಳಿದರೂ ‘ಸ್ಕೋರ್ ಎಷ್ಟ ಬಂತ್ರಿ?’ ಎಂಬುದೇ ಮಾತು, ಪರೀಕ್ಷೆಯ ಫಲಿತಾಂಶ ಕೇಳಿದಂತೆ. ಐದು ಅಂದರೆ ಕಡೆಯ ಹಂತವೆಂದು ತಿಳಿದು ಕಾಕಾ ಅನ್ನ ಬಿಟ್ಟರು. 2020ರಲ್ಲಿ ನೆದರ್ಲೆಂಡ್ಸಿನ ರೇಡಿಯಾಲಜಿಸ್ಟರು ಮಾಡಿದ ಕೋ-ರಾಡ್ಸ್ ಎಂಬುದು, ಈ ಚಿತ್ರ ಕೋವಿಡ್ಡಿನದೆಂಬ ಅನುಮಾನ ಎಷ್ಟು ಬಲವಾಗಿದೆ ಎಂಬುದರ ಅಳತೆ. ರೋಗ ಎಷ್ಟು ಜೋರಾಗಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. 25ರ ಸ್ಕೋರ್ ಬೇರೆ: ಬಲಗಡೆಯ ಮೂರು, ಎಡಗಡೆಯ ಎರಡು, ಒಟ್ಟು ಐದು ಹಾಲೆಗಳಲ್ಲಿ, ಅಂದರೆ ಶ್ವಾಸಕೋಶದ ವಿಭಾಗಗಳಲ್ಲಿ, ಪ್ರತಿಯೊಂದರ ಎಷ್ಟು ಭಾಗಕ್ಕೆ ರೋಗ ಹರಡಿದೆ ಎಂದು ಕಣ್ಣಂದಾಜಿನಲ್ಲಿ 0ಯಿಂದ 5ರವರೆಗೆ ಅಂಕ ಕೊಟ್ಟು ಕೂಡಿಸುವುದು. ಅದೇ ಹದಿನಾಲ್ಕು ಅಂಕವಿದ್ದೂ ಒಬ್ಬರ ಆಕ್ಸಿಜನ್ 96 ಇರಬಹುದು, ಇನ್ನೊಬ್ಬರದು 86 ಇರಬಹುದು. ಕಾಕಾ ಗುಣವಾದರು. ಆ ಎರಡು ಅಂಕಿಗಳು ಅವರನ್ನು ಹದಿನೈದು ದಿನ ನಿದ್ದೆಗೆಡಿಸಿದ್ದನ್ನು ಮಾತ್ರ ನಾನು ಮರೆತಿಲ್ಲ.

ಆದ್ದರಿಂದ ಈ ಕೇಂದ್ರದ ವರದಿ ಕೈಗೆ ಬಂದಾಗ ಮೊದಲು ಹುಡುಕಿದ್ದು ಅಂಕಿಯನ್ನೇ. ಅಂಕಿ ಇರಲಿಲ್ಲ. ಒಂದೂವರೆ ಪುಟ ಬರಹವಿತ್ತು. ಇಂಗ್ಲಿಷಿನ ಆ ವರದಿಯನ್ನು ನಮ್ಮ ವೈದ್ಯರು ಸಾಲುಸಾಲಾಗಿ ಬಿಡಿಸಿ ಹೇಳಿದರು. ಎರಡೂ ಶ್ವಾಸಕೋಶಗಳಲ್ಲಿ, ಬಲಗಡೆ ಹೆಚ್ಚಾಗಿ, ಶ್ವಾಸನಾಳಗಳ ಗುಂಟ ಮತ್ತು ಹೊರಪೊರೆಯ ಅಡಿಯಲ್ಲಿ ತೇಪೆತೇಪೆಯಾಗಿ ಗ್ರೌಂಡ್ ಗ್ಲಾಸ್ ಎಂಬ ಮಸುಕು. ಬಲಗಡೆ ಕೆಳಹಾಲೆಯಲ್ಲಿ ಸಣ್ಣ ಕನ್ಸಾಲಿಡೇಶನ್, ಅಂದರೆ ದಟ್ಟ ಮಸುಕು. ಶ್ವಾಸನಾಳಗಳ ಗೋಡೆ ದಪ್ಪಗಾಗಿರುವುದು. ಕೆಲವೆಡೆ ನವಣೆಕಾಳಿನಂಥ ಸಣ್ಣ ಗಂಟುಗಳು. ಕುಳಿ ಇಲ್ಲ, ಶ್ವಾಸಕೋಶದ ಪೊರೆಯಲ್ಲಿ ನೀರು ಇಲ್ಲ, ಗ್ರಂಥಿಗಳು ದೊಡ್ಡದಾಗಿಲ್ಲ. ಬಲ ಮೇಲ್ತುದಿಯ ಬಿಳಿ ಕಲೆ ಸುಣ್ಣಗಟ್ಟಿದ ಹಳೆಯ ಗಂಟು, ಅದರ ಪಕ್ಕದ ಎಳೆ ಹಳೆಯ ಕ್ಷಯದ ಗಾಯದ ಗುರುತು; ಏಳೆಂಟು ವರ್ಷದ ಹಿಂದಿನ ಎಕ್ಸ್‌-ರೇಯಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇದೆ. ಅಪ್ಪನ ಚೀಲದಲ್ಲಿದ್ದ ಆ ಹಳೆಯ ಫಿಲ್ಮು ಒಂದೇ ಸಾಲಿನಲ್ಲಿ ನಮ್ಮ ದೊಡ್ಡ ಹೆದರಿಕೆಯನ್ನು ಇಳಿಸಿತು. ಆದರೂ ಕ್ಷಯ ಈಗ ಎದ್ದಿದೆಯೇ ಇಲ್ಲವೇ ಎಂಬುದನ್ನು ಕಫದ ಪರೀಕ್ಷೆಯಿಂದಲೇ ನಿರ್ಧರಿಸಬೇಕೆಂದು ರೇಡಿಯಾಲಜಿಸ್ಟರು ಅದರ ಕೆಳಗೇ ಬರೆದಿದ್ದರು.

ಗ್ರೌಂಡ್ ಗ್ಲಾಸ್ ಅಂದರೆ ಉಜ್ಜಿ ಮಬ್ಬು ಮಾಡಿದ ಗಾಜು. ಅಪ್ಪನಿಗೆ ಅದನ್ನು ತಿಳಿಸಿ ಹೇಳಲು ನನಗೆ ಅವರ ಹೊಲವೇ ಸಾಕಾಯಿತು. ರಾಶಿ ನಡೆದಾಗ ಧೂಳು ಏಳುತ್ತದೆ, ಅದರ ಆಚೆಗಿರುವ ಬೇವಿನ ಗಿಡ ಮಸುಕಾಗುತ್ತದೆ, ಆದರೆ ಟೊಂಗೆಗಳು ಇನ್ನೂ ಕಾಣುತ್ತಿರುತ್ತವೆ. ಗಾಳಿಗೂಡುಗಳಲ್ಲಿ ಸ್ವಲ್ಪ ದ್ರವ ಸೇರಿದಾಗ, ಅವುಗಳ ಗೋಡೆ ಉಬ್ಬಿದಾಗ ಶ್ವಾಸಕೋಶ ಹಾಗೆ ಕಾಣುತ್ತದೆ, ಒಳಗಿನ ರಕ್ತನಾಳಗಳ ಅಂಚು ಮುಚ್ಚಿಹೋಗಿರುವುದಿಲ್ಲ. ಧೂಳು ಇನ್ನೂ ದಟ್ಟವಾಗಿ ಗಿಡವೇ ಕಾಣದಾದರೆ ಅದು ಕನ್ಸಾಲಿಡೇಶನ್: ಗಾಳಿಯ ಜಾಗವನ್ನೆಲ್ಲ ದ್ರವ ಮತ್ತು ಕೀವಿನ ಕಣಗಳು ತುಂಬಿಕೊಂಡದ್ದು. ಮಸುಕಿನೊಳಗೆ ಸಣ್ಣ ಗೆರೆಗಳ ಜಾಲ ಮೂಡಿ, ಕಲ್ಲು ಹಾಸಿದ ಅಂಗಳದಂತೆ ಕಾಣುವ ಇನ್ನೊಂದು ನಮೂನೆಯೂ ಇದೆ, ಅಪ್ಪನಲ್ಲಿ ಅದಿರಲಿಲ್ಲ. ‘ಹಂಗಾರ ನನ್ನ ಗಿಡ ಇನ್ನೂ ಕಾಣಾಕತ್ತದ’ ಎಂದು ಅಪ್ಪ ಕೇಳಿದರು. ‘ಹೂಂ ಅಪ್ಪಾ, ಒಂದ್ ಕಡೆ ಅಷ್ಟ ಮುಚ್ಯದ’ ಎಂದೆ.

ಈ ಚಿತ್ರ ನೋಡಿ ಯಾವ ವೈರಸ್ಸೆಂದು ಹೇಳಬಹುದೇ ಎಂದು ನಾನು ರೇಡಿಯಾಲಜಿಸ್ಟರನ್ನೇ ಕೇಳಿದ್ದೆ. ಹೊರಗೆ ಪಾಳಿಯಿದ್ದರೂ ಅವರು ಪರದೆಯ ಮುಂದೆ ಐದು ನಿಮಿಷ ಕೂರಿಸಿ ಹೇಳಿದರು. ಕೋವಿಡ್ಡಿನಲ್ಲಿ ಮಸುಕು ಹೆಚ್ಚಾಗಿ ಎರಡೂ ಕಡೆ, ಕೆಳಹಾಲೆಗಳಲ್ಲಿ, ಹೊರ ಅಂಚಿಗೆ ಅಂಟಿಕೊಂಡು, ಕೆಲವೊಮ್ಮೆ ದುಂಡಗೆ ಇರುತ್ತದೆ. ಇನ್‌ಫ್ಲುಯೆಂಜಾದಲ್ಲಿ (ಫ್ಲೂ) ಅಂಚಿನ ಜೊತೆಗೆ ಶ್ವಾಸನಾಳಗಳ ಗುಂಟವೂ ರೋಗ ಹರಿಯುವುದರಿಂದ ನಾಳದ ಗೋಡೆ ದಪ್ಪವಾಗುವುದು, ಸಣ್ಣ ಗಂಟುಗಳು ಕಾಣುವುದು ಹೆಚ್ಚು. ಅಡಿನೋವೈರಸ್ ಇಡೀ ಹಾಲೆಯನ್ನೇ ತುಂಬಿ ಬ್ಯಾಕ್ಟೀರಿಯಾದ ನ್ಯುಮೋನಿಯಾದಂತೆ ತೋರಬಹುದು. ದೊಡ್ಡವರಿಗೆ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಬಂದು ಶ್ವಾಸಕೋಶಕ್ಕೆ ಇಳಿದರೆ ಎರಡೂ ಕಡೆ ಸಣ್ಣ ಗುಂಡು ಗಂಟುಗಳು ಚೆಲ್ಲಿದಂತೆ ಕಂಡು, ವರ್ಷಗಳ ಮೇಲೆ ಸುಣ್ಣದ ಚುಕ್ಕೆಗಳಾಗಿ ಉಳಿಯುವುದುಂಟು. ಇಷ್ಟು ಹೇಳಿದ ಮೇಲೆ, ಇವು ಒಂದರ ಮೇಲೊಂದು ಹಾಯುವ ನಮೂನೆಗಳು, ಇದೇ ಮಸುಕು ಔಷಧಿಯ ದುಷ್ಪರಿಣಾಮದಿಂದಲೂ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ಸೇರಿದಾಗಲೂ ಬರುತ್ತದೆ, ವೈರಸ್ಸಿನ ಹೆಸರು ಹೇಳುವುದು ಪಿಸಿಆರ್ ಕೆಲಸ ಎಂದರು. ವರದಿಯ ಕಡೆಯ ಸಾಲುಗಳಲ್ಲಿಯೂ ಅಷ್ಟೇ ಇತ್ತು: ವೈರಸ್ಸಿನ ನ್ಯುಮೋನಿಯಾಕ್ಕೆ ಹೊಂದುವ ಚಿತ್ರ, ಇನ್‌ಫ್ಲುಯೆಂಜಾ ಮೊದಲು ಯೋಚಿಸತಕ್ಕದ್ದು, ಬಲ ಕೆಳಹಾಲೆಯ ಕನ್ಸಾಲಿಡೇಶನ್‌ನಿಂದಾಗಿ ವೈರಸ್ಸಿನ ಜೊತೆಗೆ ಬ್ಯಾಕ್ಟೀರಿಯಾವೂ ಸೇರಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ರೋಗಿಯ ಸ್ಥಿತಿ ಮತ್ತು ಪ್ರಯೋಗಾಲಯದ ಫಲಿತಾಂಶದೊಡನೆ ಹೊಂದಿಸಿ ನೋಡಬೇಕು. ಕಂಡದ್ದನ್ನು ಹೇಳಿ, ಕಾಣದ್ದನ್ನು ಕಾಣಲಿಲ್ಲವೆಂದು ಹೇಳಿ, ಅಲ್ಲಿಗೆ ನಿಲ್ಲಿಸಿದ ವರದಿ.

ಅದರಿಂದ ಆದ ಉಪಯೋಗವನ್ನೂ ಹೇಳಬೇಕು. ವರದಿ ಅಚ್ಚಾಗುವ ಮುಂಚೆಯೇ ರೇಡಿಯಾಲಜಿಸ್ಟರು ನಮ್ಮ ವೈದ್ಯರಿಗೆ ಫೋನ್ ಮಾಡಿ ಮುಖ್ಯ ವಿಷಯ ತಿಳಿಸಿದ್ದರು. ಅಂದು ಸಂಜೆಯೇ ಅಪ್ಪನನ್ನು ಸೇರಿಸಿಕೊಂಡು ಆಕ್ಸಿಜನ್ ಹಚ್ಚಿ, ಪಿಸಿಆರ್ ಫಲಿತಾಂಶಕ್ಕೆ ಕಾಯದೆ ಫ್ಲೂ ವೈರಸ್ಸಿನ ವಿರುದ್ಧದ ಮಾತ್ರೆಯಾದ ಒಸೆಲ್ಟಾಮಿವಿರ್ ಶುರುಮಾಡಿದರು. ಬ್ಯಾಕ್ಟೀರಿಯಾ ಸೇರಿರಬಹುದೆಂಬ ಸಾಲನ್ನು ಗಮನಿಸಿ ಆಂಟಿಬಯಾಟಿಕನ್ನೂ ಕೊಟ್ಟರು. ಆ ಫ್ಲೂ ಮಾತ್ರೆ ಲಕ್ಷಣ ಕಂಡ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ. ನಾವು ತಡಮಾಡಿದ್ದೆವು, ಆದರೆ ಆಸ್ಪತ್ರೆ ಸೇರಬೇಕಾದಷ್ಟು ಜೋರಾದ ರೋಗದಲ್ಲಿ ತಡವಾದರೂ ಕೊಡುತ್ತಾರೆ. ಮರುದಿನ ಪಿಸಿಆರ್‌ನಲ್ಲಿ ಇನ್‌ಫ್ಲುಯೆಂಜಾ ಎ, ಎಚ್1ಎನ್1 ಎಂದು ಬಂತು. ಕಫದಲ್ಲಿ ಕ್ಷಯ ಇರಲಿಲ್ಲ. ನಾಲ್ಕನೆಯ ದಿನ ಅಪ್ಪ ಆಕ್ಸಿಜನ್ ಇಲ್ಲದೆ 95ಕ್ಕೆ ಬಂದು, ಆರನೆಯ ದಿನ ಮನೆಗೆ ಬಂದರು.

ವಿಕಿರಣದ ವಿಷಯದಲ್ಲಿ ಜನರಿಗಿರುವ ಅಂಜಿಕೆಗೆ ಈ ಕೇಂದ್ರ ತಕ್ಕ ಉತ್ತರ ಕೊಟ್ಟಿದೆ. 2021ರ ಮೇ ತಿಂಗಳಲ್ಲಿ ದಿಲ್ಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಒಂದು ಸಿಟಿ 300ರಿಂದ 400 ಎದೆಯ ಎಕ್ಸ್‌-ರೇಗಳಿಗೆ ಸಮ ಎಂದಿದ್ದರು, ರೇಡಿಯಾಲಜಿಸ್ಟರ ಸಂಘ ಅದನ್ನು ಒಪ್ಪಿರಲಿಲ್ಲ. ಅಂದಿನಿಂದ ನಮ್ಮ ಕಡೆ ಕೆಲವರು ಬೇಕಾದಾಗಲೂ ಸ್ಕ್ಯಾನ್ ಬೇಡವೆನ್ನುತ್ತಾರೆ. ಈ ಕೇಂದ್ರದ ವರದಿಯ ಅಡಿಯಲ್ಲಿ ಡೋಸಿನ ಅಳತೆಯನ್ನು ಅಚ್ಚು ಹಾಕಿರುತ್ತಾರೆ. ಅಪ್ಪನದು, ಬೋರಲು ಮಲಗಿಸಿ ತೆಗೆದದ್ದೂ ಸೇರಿ, 230 ಮಿಲಿಗ್ರೇ-ಸೆಂಟಿಮೀಟರ್. ದೇಹಕ್ಕೆ ಆಗುವ ಒಟ್ಟು ಪರಿಣಾಮದ ಅಳತೆಯಾದ ಮಿಲಿಸೀವರ್ಟಿಗೆ ತಿರುಗಿಸಲು ಇದನ್ನು ಎದೆಗೆ ಬಳಸುವ 0.014ರಿಂದ ಗುಣಿಸಿದರೆ ಸುಮಾರು 3.2 ಮಿಲಿಸೀವರ್ಟ್ ಆಗುತ್ತದೆ. ಎದೆಯ ಒಂದು ಎಕ್ಸ್‌-ರೇ ಸುಮಾರು 0.02, ಆ ಲೆಕ್ಕದಲ್ಲಿ ಇದು ನೂರರವತ್ತು ಎಕ್ಸ್‌-ರೇಗೆ ಸಮ. ಇನ್ನೊಂದು ಕಡೆಯಿಂದ ನೋಡಿದರೆ, ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ತಾನಾಗಿಯೇ ತಾಗುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಕಾರಣವಿದ್ದಾಗ ಎಪ್ಪತ್ತೊಂದು ವರ್ಷದವರಿಗೆ ಇದು ಅಂಜುವ ಪ್ರಮಾಣವಲ್ಲ. ಕಾರಣವಿಲ್ಲದೆ ವಾರಕ್ಕೊಮ್ಮೆ ಮಾಡಿಸುವಂಥದ್ದೂ ಅಲ್ಲ. ಡೋಸ್ ಅಚ್ಚು ಹಾಕದ ಕೇಂದ್ರದಲ್ಲಿ ಈ ಲೆಕ್ಕ ಮಾಡಲು ರೋಗಿಯ ಕೈಯಲ್ಲಿ ಏನೂ ಇರುವುದಿಲ್ಲ.

ದರ 3,200 ರೂಪಾಯಿ ಆಯಿತು, ರಸೀದಿ ಕೊಟ್ಟರು. 2021ರಲ್ಲಿ ಸರ್ಕಾರ ಖಾಸಗಿ ಕೇಂದ್ರಗಳಿಗೆ ಬಿಪಿಎಲ್ ಕಾರ್ಡಿನವರಿಗೆ 1,500, ಉಳಿದವರಿಗೆ 2,500 ಎಂದು ಮಿತಿ ಹಾಕಿದ್ದನ್ನು ನೆನೆದರೆ ಸ್ವಲ್ಪ ಹೆಚ್ಚೆನಿಸುತ್ತದೆ. ಬೋರಲು ಮಲಗಿಸಿ ತೆಗೆದ ಪದರಗಳಿಗೆ ಬೇರೆ ಹಣ ಕೇಳಲಿಲ್ಲ. ಯಾವ ಇಂಜೆಕ್ಷನ್ನನ್ನೂ ಕೊಡಲಿಲ್ಲ. ನ್ಯುಮೋನಿಯಾ ನೋಡಲು ಅದು ಬೇಕಿಲ್ಲವೆಂದೂ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಅನುಮಾನದಂಥ ಕಾರಣವಿದ್ದರೆ ಮಾತ್ರ ಚಿತ್ರದಲ್ಲಿ ರಕ್ತನಾಳ ಎದ್ದು ಕಾಣಿಸುವ ಔಷಧಿಯನ್ನು ಚುಚ್ಚಬೇಕೆಂದೂ ಕೇಳುವ ಮೊದಲೇ ಹೇಳಿದರು. ಚೀಟಿ ಕೊಟ್ಟದ್ದು ಒಂದೂವರೆಗೆ, ಸ್ಕ್ಯಾನ್ ಮುಗಿದದ್ದು ಎರಡೂಮುಕ್ಕಾಲಿಗೆ, ವರದಿ ಬಂದದ್ದು ಐದಕ್ಕೆ.

ಕೊರತೆಗಳೂ ಇವೆ. ಬಾಗಿಲ ಮುಂದಿನ ಇಳಿಜಾರು ವ್ಹೀಲ್‌ಚೇರಿಗೆ ತೀರ ಕಡಿದಾಗಿದೆ. ಉಸಿರು ಕಟ್ಟುವ ರೋಗಿಯನ್ನು ಇಬ್ಬರು ಹಿಡಿದು ಏರಿಸಬೇಕಾಯಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂರಲು ಒಂದು ಸ್ಟೂಲು ಸಹ ಇಲ್ಲ, ಜನವರಿಯ ಚಳಿಯಲ್ಲಿ ತೆಳು ಗೌನಿನ ಮೇಲೆ ಹೊದೆಯಲು ಏನೂ ಕೊಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಸಿಡಿಯನ್ನು ಕೇಳಿದವರಿಗಷ್ಟೇ ಕೊಡುವುದು. ಒಂದು ಮಿಲಿಮೀಟರಿನ ಪದರಗಳಲ್ಲಿ ಎದೆಯನ್ನು ಕೊಯ್ದು ತೋರಿಸಿದ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿರುತ್ತವೆ. ಫಿಲ್ಮಿನ ಮೇಲೆ ಅಚ್ಚಾಗುವುದು ಆಯ್ದ ಕೆಲವು ಮಾತ್ರ. ಮುಂದೆ ಸೊಲ್ಲಾಪುರಕ್ಕೋ ಬೆಳಗಾವಿಗೋ ಹೋಗಬೇಕಾಗಿ ಬಂದರೆ ಅಲ್ಲಿನ ವೈದ್ಯರಿಗೆ ಬೇಕಾಗುವುದು ಸಿಡಿ. ಅದನ್ನು ಕೇಳಬೇಕೆಂದು ತಿಳಿಯದ ಹಳ್ಳಿಯವರು ಬರೀ ಫಿಲ್ಮಿನ ಲಕೋಟೆ ಹಿಡಿದು ಹೋಗುವುದನ್ನು ಅಂದು ಕಣ್ಣಾರೆ ಕಂಡೆ. ಹಾಗೆಯೇ ವರದಿಯ ಕೊನೆಯಲ್ಲಿ ನಾಲ್ಕು ಸಾಲು ಕನ್ನಡ ಸೇರಿಸುವುದು ಕಷ್ಟದ ಕೆಲಸವಲ್ಲ. ಪರದೆಯ ಮುಂದೆ ಅಷ್ಟು ಚೆಂದಾಗಿ ಕನ್ನಡದಲ್ಲಿ ತಿಳಿಸಿ ಹೇಳಬಲ್ಲವರು ಅದನ್ನು ಕಾಗದದ ಮೇಲೂ ತರಲಿ ಎಂದು ಅವರಿಗೇ ಹೇಳಿ ಬಂದಿದ್ದೇನೆ.

ಏಳು ವಾರಗಳ ಮೇಲೆ, ಮಾರ್ಚ್ ತಿಂಗಳಲ್ಲಿ, ಅಪ್ಪನನ್ನು ಮತ್ತೆ ಅಲ್ಲಿಗೇ ಕರೆದುಕೊಂಡು ಹೋದೆ. ಕೆಮ್ಮು ನಿಂತಿತ್ತು, ತೋಟದಲ್ಲಿ ಓಡಾಡುತ್ತಿದ್ದರು, ಆದರೂ ಒಳಗೆ ಪೂರ್ತಿ ಸ್ವಚ್ಛವಾಗಿದೆಯೋ ಎಂಬ ಚಿಂತೆ ನನ್ನನ್ನು ಬಿಟ್ಟಿರಲಿಲ್ಲ; ಇನ್ನೊಂದು ಸಿಟಿ ಮಾಡಿಬಿಡಿ ಎಂದು ಕೌಂಟರಿನಲ್ಲಿ ಕೇಳಿದೆ. ರೇಡಿಯಾಲಜಿಸ್ಟರು ಒಳಗೆ ಕರೆದು, ಅಪ್ಪನನ್ನು ಕೂರಿಸಿ, ಮೆಟ್ಟಿಲು ಹತ್ತಿದರೆ ತೇಕು ಬರುತ್ತದೆಯೇ, ಆಕ್ಸಿಜನ್ ಎಷ್ಟಿದೆ ಎಂದು ಕೇಳಿದರು. ತೇಕು ಇರಲಿಲ್ಲ, ಆಕ್ಸಿಜನ್ 97 ಇತ್ತು. ಉಸಿರು ಕಡಿಮೆಯಾಗಿಯೇ ಉಳಿದವರಲ್ಲಿ ಗಾಯದ ಎಳೆಗಳು ಉಳಿದಿವೆಯೇ ಎಂದು ನೋಡಲು ಸಿಟಿ ಬೇಕಾಗುತ್ತದೆ, ಇವರಿಗೆ ಈಗ ಎಕ್ಸ್‌-ರೇ ಸಾಕು ಎಂದರು. ಎಕ್ಸ್‌-ರೇ ತೆಗೆದು, ಜನವರಿಯದನ್ನು ಪಕ್ಕದಲ್ಲಿಟ್ಟು ತೋರಿಸಿದರು. ಕೆಳಗಿನ ಮಸುಕು ಇರಲಿಲ್ಲ. ಮೇಲ್ತುದಿಯ ಹಳೆಯ ಬಿಳಿ ಕಲೆ ಇದ್ದಲ್ಲಿಯೇ ಇತ್ತು. ಆ ದಿನ ನಮ್ಮಿಂದ ತೆಗೆದುಕೊಂಡದ್ದು ಎಕ್ಸ್‌-ರೇಯ ಹಣವನ್ನಷ್ಟೇ. ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಅಪ್ಪನಿಗೆ ಅದೇ ಹುಡುಗ, ‘ಈ ಸಲ ಒಂದ ಸರತಿಗೇ ಉಸುರು ಹಿಡದ್ರಲ್ರಿ ಅಜ್ಜಾರ’ ಎಂದ.